ಯಾರಿಗೆ ಬಡಗು?

ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಲ್ಲುಗಳನ್ನು ಸಾಲಿಗೆ ಸಾಲು ಹಿಡಿಸಿ ಇಟ್ಟಿದ್ದಾರೆ. ಇಟ್ಟವರ ಭಾಷೆ ಯಾವುದೆಂಬುದಕ್ಕೆ ಒಂದಕ್ಷರದ ಸಾಕ್ಷಿಯೂ ಉಳಿದಿಲ್ಲ. ಈ ಸೀಮೆಯ ಬೃಹತ್ ಶಿಲಾ ಸಮಾಧಿಗಳನ್ನೂ ಕಲ್ಲುಸಾಲುಗಳನ್ನೂ ಹೊರಜಗತ್ತಿಗೆ ಮೊದಲು ಪರಿಚಯಿಸಿದವನು 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಮೇಲ್ವಿಚಾರಣೆಗೆ ಬಂದಿದ್ದ ಅಧಿಕಾರಿ ಮೆಡೋಸ್ ಟೇಲರ್. ಒಂದು ಶತಮಾನದ ಮೇಲೆ, 1956ರಲ್ಲಿ, ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಇಂಥ ಸಾಲುಗಳನ್ನು ಕುರಿತು ಲೇಖನ ಬರೆದಾಗ ಅದರ ತಲೆಬರಹದಲ್ಲೇ ಇವನ್ನು ‘ದಕ್ಷಿಣ ಹೈದರಾಬಾದಿನ’ ಕಲ್ಲುಸಾಲುಗಳೆಂದು ಕರೆದರು. ಆಗ ಅದು ಸರಿಯಾದ ವಿಳಾಸವೇ. ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಯಿತು. ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳು ವಿಶಾಲ ಮೈಸೂರಿಗೆ ಸೇರಿದವು. ಮುಂದೆ ಖಗೋಳಶಾಸ್ತ್ರಜ್ಞ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ವಿಭೂತಿಹಳ್ಳಿಯ ಕಲ್ಲುಗಳನ್ನು ಅಳೆದು ಪ್ರಕಟಿಸಿದಾಗ ಸ್ಥಳದ ಗುರುತು ‘ಉತ್ತರ ಕರ್ನಾಟಕ’ ಎಂದಾಗಿತ್ತು. ಒಂದು ಕಲ್ಲೂ ಕದಲಿರಲಿಲ್ಲ. ಐದೂವರೆ ದಶಕದೊಳಗೆ ಅವು ತೆಂಕಣದ ಕಲ್ಲುಗಳಾಗಿದ್ದದ್ದು ಬಡಗಣದ ಕಲ್ಲುಗಳಾದವು.

ಬಡಗಣ ನಾಡುಗಳಿಗೆ ಇಟ್ಟ ಹೆಸರುಗಳನ್ನು ವಿಚಾರಿಸುವಾಗ ಈ ಸಂಗತಿಯನ್ನು ಮರೆಯಬಾರದು. ಬೆಟ್ಟ, ಹೊಳೆ, ಮಣ್ಣಿನ ಬಣ್ಣ ಇವುಗಳಿಂದ ಹುಟ್ಟಿದ ಊರ ಹೆಸರು ಆ ನೆಲದ ಬಗ್ಗೆ ಏನನ್ನಾದರೂ ಹೇಳುತ್ತದೆ. ಬಡಗು, ಉತ್ತರ, ಶುಮಾಲ್ ಮುಂತಾದ ಮಾತುಗಳಿಂದ ಹುಟ್ಟಿದ ಹೆಸರು ಹೇಳುವುದು ಹೆಸರಿಟ್ಟವನ ಬಗ್ಗೆ. ಅವನು ಎಲ್ಲಿ ಕೂತಿದ್ದ, ಯಾರನ್ನು ತನ್ನ ಮೇಲ್ಗಡೆಯವರೆಂದು ಎಣಿಸಿದ ಎಂಬುದು ಅದರಲ್ಲಿ ಅಚ್ಚಾಗಿರುತ್ತದೆ. ಈ ಮಾತನ್ನು ಕನ್ನಡದ ‘ಬಡಗು’ ಎಂಬ ಪದವನ್ನೇ ಹಿಡಿದು, ಅದರ ಬೇರಿನಿಂದ ಅದು ಹಬ್ಬಿದ ಊರುಗಳವರೆಗೆ ನಡೆದು, ಸಾಧಿಸಿ ತೋರಿಸಬಹುದು.

ಮೊದಲು ಬೇರು. ಬರೋ ಮತ್ತು ಎಮಿನೋ ಸಂಪಾದಿಸಿ 1961ರಲ್ಲಿ ಹೊರತಂದ ದ್ರಾವಿಡ ನಿರುಕ್ತ ಕೋಶದಲ್ಲಿ ಕನ್ನಡದ ಬಡಗು, ಬಡಗಲು, ತಮಿಳಿನ ವಡಕ್ಕು, ಮಲಯಾಳದ ವಡಕ್ಕ್, ತುಳುವಿನ ಬಡಕಾಯಿ, ಕೊಡವದ ಬಡಕ್ ಎಲ್ಲ ಒಂದೇ ಮನೆಯವು. ತಮಿಳು, ಮಲಯಾಳಗಳಲ್ಲಿ ವಕಾರ, ಕನ್ನಡ, ತುಳು, ಕೊಡವಗಳಲ್ಲಿ ಬಕಾರ ಇರುವುದು ಆಕಸ್ಮಿಕವಲ್ಲ. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’, ‘ವಿಲ್’ ನಮ್ಮಲ್ಲಿ ‘ಬಿಲ್ಲು’, ‘ವಿರಲ್’ ‘ಬೆರಳು’, ‘ವೇರ್’ ‘ಬೇರು’, ‘ವೇಲಿ’ ‘ಬೇಲಿ’. ಪದದ ಮೊದಲಲ್ಲಿದ್ದ ವಕಾರ ಬಕಾರವಾಗಿ ತಿರುಗಿದ್ದು ಕನ್ನಡದ ಚರಿತ್ರೆಯಲ್ಲಿ ಒಂದು ನಿಯಮದಂತೆ ನಡೆದ ಮಾರ್ಪಾಟು. ಹಳೆಯ ಶಾಸನಗಳಲ್ಲಿ ವಕಾರದ ರೂಪಗಳು ಇನ್ನೂ ಕಾಣುತ್ತವೆ. ಹೀಗಾಗಿ ಬಡಗಿನ ಹಿಂದಿನ ರೂಪ ‘ವಡ’ ಎಂದು ಧೈರ್ಯವಾಗಿ ಹೇಳಬಹುದು. ಈ ನಿಯಮ ಕೈಯಲ್ಲಿದ್ದರೆ ಬರಿಯ ಹೋಲಿಕೆಗೆ ಮರುಳಾಗುವುದೂ ತಪ್ಪುತ್ತದೆ. ಮರಗೆಲಸದ ಬಡಗಿಗೂ ಬಡಗು ದಿಕ್ಕಿಗೂ ನಂಟಿಲ್ಲ. ಬಡಗಿ ಬಂದದ್ದು ಸಂಸ್ಕೃತದ ವರ್ಧಕಿ, ಪಾಲಿಯ ವಡ್ಢಕಿ ಇವುಗಳ ದಾರಿಯಿಂದ. ಬಡವ ಎಂಬುದರ ‘ಬಡ’ ಸೊರಗು, ಕೃಶವಾಗು ಎಂಬ ಅರ್ಥದ ಬೇರೆಯೇ ಗುಂಪಿನದು. ಬಡಗಣದವರು ಬಡವರು ಎಂಬರ್ಥದ ಕಟ್ಟುಕತೆ ಪದದ ಚರಿತ್ರೆಯಲ್ಲಿ ಎಲ್ಲಿಯೂ ಇಲ್ಲ.

ಯಾದಗಿರಿ ಜಿಲ್ಲೆಯೊಳಗೇ ವಡಗೇರಾ ಎಂಬ ತಾಲ್ಲೂಕು ಕೇಂದ್ರವಿರುವುದರಿಂದ ಒಂದು ಆಸೆ ಹುಟ್ಟುವುದು ಸಹಜ: ಅಲ್ಲಿ ಆ ಹಳೆಯ ‘ವಡ’ ಹಾಗೇ ಉಳಿದಿರಬಹುದಲ್ಲ? ನಿಯಮ ಇದಕ್ಕೆ ಅಡ್ಡ ನಿಲ್ಲುತ್ತದೆ. ಊರಿನ ಬಾಯಲ್ಲಿ ಬಾ, ಬೇರು, ಬೇಲಿ ಎಲ್ಲ ಬಕಾರಕ್ಕೆ ತಿರುಗಿರುವಾಗ ಒಂದು ಊರ ಹೆಸರು ಮಾತ್ರ ವಕಾರವನ್ನು ಹಿಡಿದುಕೊಂಡಿದ್ದರೆ ಅದಕ್ಕೆ ಬೇರೆ ಕಾರಣ ಬೇಕು. ಪಕ್ಕದ ಮರಾಠಿ ಸೀಮೆಯಲ್ಲಿ ‘ವಡ’ ಎಂದರೆ ಆಲದಮರ. ಅಲ್ಲಿನ ವಡಗಾಂವ್‌ಗಳಿಗೆ ಲೆಕ್ಕವಿಲ್ಲ. ಆಲದ ಮರವೋ ಬಡಗಣ ದಿಕ್ಕೋ ಎಂಬುದನ್ನು ತೀರ್ಮಾನಿಸುವುದು ಶಾಸನದಲ್ಲಿ ಸಿಗುವ ಹಳೆಯ ಬರಹರೂಪ, ಇಂದಿನ ಉಚ್ಚಾರವಲ್ಲ. ಆದ್ದರಿಂದ ವಡಗೇರಾವನ್ನು ನನ್ನ ವಾದದ ಸಾಕ್ಷಿಯಾಗಿ ಕರೆಯುವುದಿಲ್ಲ.

ಇನ್ನು ಆ ‘ವಡ’ಕ್ಕೆ ಮೂಲದಲ್ಲಿ ಅರ್ಥವೇನು? ಮೂಡಣ, ಪಡುವಣಗಳ ವಿಷಯದಲ್ಲಿ ಇಂಥ ತೊಡಕಿಲ್ಲ; ಹೊತ್ತು ಮೂಡುವುದು ಮೂಡಣ, ಪಡುವುದು ಪಡುವಣ. ತಮಿಳರು ಈ ಎರಡು ದಿಕ್ಕುಗಳನ್ನು ಬೇರೆ ರೀತಿಯಲ್ಲಿ ಕಂಡರು. ಅವರ ‘ಕಿೞಕ್ಕು’ ಕೆಳಗಿನದು, ‘ಮೇರ್ಕು’ ಮೇಲಿನದು. ರಾಬರ್ಟ್ ಕಾಲ್ಡ್ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ಇದನ್ನು ಗಮನಿಸಿ, ಪಡುವಣಕ್ಕೆ ಘಟ್ಟ, ಮೂಡಣಕ್ಕೆ ಇಳಿಜಾರು ಇರುವ ನೆಲದಲ್ಲಿ ನಿಂತವರು ಮಾತ್ರ ಹೀಗೆ ಕರೆಯಲು ಸಾಧ್ಯ ಎಂದರು. ಇದು ನಮ್ಮ ವಾದಕ್ಕೆ ದೊಡ್ಡ ಬಲ. ದಿಕ್ಕಿನ ಹೆಸರಿನೊಳಗೇ ನಿಂತ ನೆಲದ ಓರೆ ಸಿಕ್ಕಿಬಿದ್ದಿದೆ. ಆದರೆ ಬಡಗು, ತೆಂಕುಗಳು ಹೀಗೆ ಬಿಚ್ಚಿಕೊಳ್ಳುವುದಿಲ್ಲ. ಸೂರ್ಯ ಅಲ್ಲಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಲೋಕದ ಭಾಷೆಗಳು ಈ ಎರಡು ದಿಕ್ಕುಗಳಿಗೆ ಹೆಸರು ಹುಡುಕಲು ಬೇರೆ ಬೇರೆ ಕಡೆ ಕೈಚಾಚಿವೆ. ಆ ದಾರಿಗಳಲ್ಲಿ ಯಾವುದು ನಮ್ಮವರಿಗೆ ತೆರೆದಿತ್ತು ಎಂದು ನೋಡಿದರೆ ಬಡಗಿನ ಹುಟ್ಟಿನ ಸುತ್ತಳತೆಯಾದರೂ ಸಿಗುತ್ತದೆ.

ಗ್ರೀಕರ ದಾರಿ ಆಕಾಶದ್ದು. ‘ಆರ್ಕ್ಟಿಕ್’ ಎಂಬ ಪದದ ಮೂಲ ಗ್ರೀಕಿನ ‘ಆರ್ಕ್ಟೋಸ್’, ಅಂದರೆ ಕರಡಿ. ನಮ್ಮ ಸಪ್ತರ್ಷಿಗಳನ್ನು ಒಳಗೊಂಡ ನಕ್ಷತ್ರಪುಂಜ ಅವರಿಗೆ ಕರಡಿಯಾಗಿ ಕಂಡಿತ್ತು. ಕರಡಿಯ ಕೆಳಗಿನ ನಾಡೇ ಆರ್ಕ್ಟಿಕ್. ರೋಮನರು ಅದೇ ಏಳು ನಕ್ಷತ್ರಗಳನ್ನು ಏಳು ಉಳುವ ಎತ್ತುಗಳೆಂದು ಕರೆದು, ಅದರಿಂದಲೇ ಬಡಗಣಕ್ಕೆ ‘ಸೆಪ್ಟೆಂಟ್ರಿಯೋ’ ಎಂಬ ಹೆಸರು ಕಟ್ಟಿದರು. ಹೋಮರನ ಕಾವ್ಯಗಳಲ್ಲಿ ಈ ಕರಡಿ ಸಮುದ್ರಕ್ಕೆ ಇಳಿಯದ ನಕ್ಷತ್ರಪುಂಜ. ಗ್ರೀಸಿನಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಒಂದು ಊರಿನ ಅಕ್ಷಾಂಶ ಎಷ್ಟೋ ಅಷ್ಟು ಡಿಗ್ರಿ ಎತ್ತರದಲ್ಲಿ ಆ ಊರಿನ ಬಾನಿನಲ್ಲಿ ಉತ್ತರ ಧ್ರುವಬಿಂದು ಇರುತ್ತದೆ. ಆ ಬಿಂದುವಿನಿಂದ ಅಷ್ಟೇ ಡಿಗ್ರಿ ದೂರದೊಳಗಿನ ನಕ್ಷತ್ರಗಳು ಎಂದೂ ಮುಳುಗುವುದಿಲ್ಲ. ಅಥೆನ್ಸ್‌ನ ಅಕ್ಷಾಂಶ ಸುಮಾರು 38 ಡಿಗ್ರಿ. ಅಲ್ಲಿ ಇಡೀ ರಾತ್ರಿ, ಇಡೀ ವರ್ಷ ಬಡಗಣವನ್ನು ತೋರಿಸುತ್ತ ಸುತ್ತುವ ಕರಡಿ ದಿಕ್ಕಿಗೆ ಹೆಸರಾದದ್ದು ತೀರ ಸಹಜ. ಯಾದಗಿರಿಯ ಅಕ್ಷಾಂಶ 16.8 ಡಿಗ್ರಿ. ಇಲ್ಲಿ ಮುಳುಗದೆ ಇರಬೇಕಾದರೆ ನಕ್ಷತ್ರದ ಕ್ರಾಂತಿ, ಅಂದರೆ ಬಾನಿನ ವಿಷುವದ್ವೃತ್ತದಿಂದ ಬಡಗಣಕ್ಕೆ ಅದರ ದೂರ, 73 ಡಿಗ್ರಿ ದಾಟಿರಬೇಕು. ಸಪ್ತರ್ಷಿಗಳಲ್ಲಿ ಅತ್ಯಂತ ಬಡಗಣದ ನಕ್ಷತ್ರದ ಕ್ರಾಂತಿಯೂ 62 ಡಿಗ್ರಿಯಷ್ಟೇ. ಏಳಕ್ಕೆ ಏಳೂ ಇಲ್ಲಿ ಮುಳುಗುತ್ತವೆ. ವರ್ಷದ ಎಷ್ಟೋ ಸಂಜೆಗಳಲ್ಲಿ ಕಾಣುವುದೇ ಇಲ್ಲ. ಬೇಕಾದಾಗ ಕಾಣದ ನಕ್ಷತ್ರದ ಹೆಸರಿನಲ್ಲಿ ದಿಕ್ಕನ್ನು ಕರೆಯಲಾಗುವುದಿಲ್ಲ.

ಧ್ರುವನಕ್ಷತ್ರವಿತ್ತಲ್ಲ ಎಂದು ಕೇಳಬಹುದು. ಇಂದು ಇದೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತಿನಂತೆ ನಿಧಾನವಾಗಿ ತೊನೆಯುತ್ತದೆ. ಅದರಿಂದಾಗಿ ಬಾನಿನ ಧ್ರುವಬಿಂದು ಒಂದೇ ನಕ್ಷತ್ರದ ಬಳಿ ನಿಲ್ಲುವುದಿಲ್ಲ. ಈಗ ಧ್ರುವ ಎಂದು ನಾವು ಕರೆಯುವ ನಕ್ಷತ್ರ ಆ ಬಿಂದುವಿನಿಂದ ಒಂದು ಡಿಗ್ರಿಗೂ ಕಡಿಮೆ ದೂರದಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದೆ ಅದೇ ನಕ್ಷತ್ರ ಹನ್ನೆರಡು ಡಿಗ್ರಿಯ ಆಸುಪಾಸು ದೂರವಿದ್ದು, ತಾನೂ ಸುತ್ತುಹಾಕುತ್ತಿತ್ತು. ‘ವಡ’ ಎಂಬ ಪದ ಅದಕ್ಕಿಂತಲೂ ಹಳೆಯದು. ಕನ್ನಡ, ತಮಿಳು, ತುಳುಗಳು ಬೇರೆಯಾಗುವ ಮೊದಲೇ ಇದ್ದದ್ದರಿಂದ ತಾನೇ ಎಲ್ಲದರಲ್ಲೂ ಅದು ಸಿಗುತ್ತದೆ? ಅಲ್ಲದೆ, ನಕ್ಷತ್ರ ಬಿಂದುವಿನಲ್ಲೇ ಇದ್ದರೂ ಯಾದಗಿರಿಯಲ್ಲಿ ಅದು ದಿಗಂತದಿಂದ ಹದಿನೇಳು ಡಿಗ್ರಿ ಎತ್ತರದಲ್ಲಿ, ಚಾಚಿದ ಕೈಯ ಎರಡು ಮುಷ್ಟಿಗಿಂತ ತಗ್ಗಿನಲ್ಲಿ, ಬಯಲುಸೀಮೆಯ ಧೂಳಿನ ತೆರೆಯ ಹಿಂದೆ ಮಂಕಾಗಿ ಇರುತ್ತದೆ.

ಸೂರ್ಯನಿಂದಲೇ ಬಡಗು, ತೆಂಕುಗಳನ್ನು ಹೆಸರಿಸಿದವರೂ ಇದ್ದಾರೆ. ಪೋಲಿಷ್ ಭಾಷೆಯಲ್ಲಿ ನಡುಹಗಲಿಗೂ ದಕ್ಷಿಣಕ್ಕೂ ಒಂದೇ ಪದ, ನಡುರಾತ್ರಿಗೂ ಉತ್ತರಕ್ಕೂ ಒಂದೇ ಪದ. ಯುರೋಪಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ತೆಂಕಣದಲ್ಲೇ ಇರುವುದರಿಂದ ಅದು ನಡೆಯುತ್ತದೆ. ಶಹಾಪುರ, ಸುರಪುರಗಳ ಸಗರನಾಡಿನಲ್ಲಿ ನಡೆಯುವುದಿಲ್ಲ. ಇಲ್ಲಿ ಮೇ ತಿಂಗಳ ಮೊದಲ ವಾರ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿಯನ್ನು ದಾಟಿ ಬಡಗಣಕ್ಕೆ ವಾಲುತ್ತಾನೆ. ಮತ್ತೆ ತೆಂಕಣಕ್ಕೆ ಹಿಂದಿರುಗುವುದು ಆಗಸ್ಟ್ ಮೊದಲ ವಾರದಲ್ಲಿ. ನಡುವಿನ ಮೂರು ತಿಂಗಳು ನಡುಹಗಲಿನ ನೆರಳು ತೆಂಕಣಕ್ಕೆ ಬೀಳುತ್ತದೆ. ಕರ್ಕಾಟಕ ಸಂಕ್ರಾಂತಿವೃತ್ತದ ಕೆಳಗಿನ ಎಲ್ಲ ಊರಿಗೂ, ಅಂದರೆ ದಕ್ಷಿಣದ ದ್ರಾವಿಡ ಭಾಷೆಗಳ ಇಡೀ ನೆಲಕ್ಕೆ, ಅವಧಿ ಹೆಚ್ಚುಕಡಿಮೆಯಾದರೂ ಇದೇ ಮಾತು. ಪದ ಯಾದಗಿರಿಯಲ್ಲೇ ಹುಟ್ಟಿದ್ದಲ್ಲ, ಬೇರೆಲ್ಲೋ ಹುಟ್ಟಿ ಬಂದಿರಬಹುದು ಎಂಬ ಆಕ್ಷೇಪಕ್ಕೂ ಇದರಲ್ಲಿ ಉತ್ತರವಿದೆ. ಆ ನೆಲದೊಳಗೆ ಎಲ್ಲಿ ಹುಟ್ಟಿದ್ದರೂ ಕರಡಿಯಾಗಲಿ ನಡುಹಗಲಾಗಲಿ ನೆಚ್ಚಿಕೆಯ ಗುರುತಾಗುತ್ತಿರಲಿಲ್ಲ.

ಮೂರನೆಯ ದಾರಿ ಮೈಯದು. ಮೂಡಣಕ್ಕೆ ಮುಖಮಾಡಿ ನಿಂತರೆ ಬಲಗೈ ತೆಂಕಣಕ್ಕೆ, ಎಡಗೈ ಬಡಗಣಕ್ಕೆ. ಸಂಸ್ಕೃತದ ‘ದಕ್ಷಿಣ’ ಬಲಗೈಯೇ. ‘ಪೂರ್ವ’ ಮುಂದಿನದು, ‘ಪಶ್ಚಿಮ’ ಹಿಂದಿನದು. ಆದರೆ ನಾಲ್ಕನೆಯದಕ್ಕೆ ಎಡವೆಂಬ ಮಾತು ನಿಲ್ಲದೆ ‘ಉತ್ತರ’ ಬಂತು. ಮೇಲಿನದು, ಮುಂದೆ ಬರುವಂಥದು ಎಂದು ಅದರ ಅರ್ಥ. ಪ್ರಶ್ನೆಯ ಬಳಿಕ ಬರುವುದರಿಂದಲೇ ಮರುಮಾತಿಗೂ ಉತ್ತರವೆಂಬ ಹೆಸರು. ಗಂಗೆಯ ಬಯಲಿನಲ್ಲಿ ನಿಂತವನಿಗೆ ಹಿಮಾಲಯ ಮೇಲಿನದಾಗಿ ಕಂಡದ್ದು ಇದಕ್ಕೆ ಕಾರಣವಿರಬಹುದು, ಎಡವೆಂಬ ಮಾತಿನ ಅಮಂಗಲ ತಪ್ಪಿಸುವ ಬಯಕೆಯೂ ಇರಬಹುದು. ಮೊದಲನೆಯದೇ ನನಗೆ ಹೆಚ್ಚು ಒಪ್ಪಿತ. ಅರಬ್ಬಿ ಭಾಷೆ ಎಡವನ್ನು ಬಿಡಲಿಲ್ಲ. ಅಲ್ಲಿ ಉತ್ತರ ದಿಕ್ಕಿನ ಹೆಸರೂ ಎಡಗೈಯ ಹೆಸರೂ ಒಂದೇ ಧಾತುವಿನವು. ಯೆಮೆನ್ ದೇಶದ ಹೆಸರು ಬಲಗೈಯ ಧಾತುವಿಗೆ ಸೇರಿದ್ದು. ಈ ಅರಬ್ಬಿ ಪದ ಉರ್ದುವಿನ ಮೂಲಕ ಯಾದಗಿರಿಯ ಹೊಲಗಳಿಗೂ ಬಂತು. ನಿಜಾಮರ ಆಡಳಿತದ ಭಾಷೆ 1884ರವರೆಗೆ ಪಾರ್ಸಿ, ಅನಂತರ ಉರ್ದು. ಅಂದಿನ ಹೊಲಮನೆಯ ಕಾಗದಪತ್ರಗಳಲ್ಲಿ ಚಕ್ಕುಬಂದಿಯ ನಾಲ್ಕು ದಿಕ್ಕುಗಳು ಉರ್ದುವಿನಲ್ಲಿವೆ, ಬಡಗಣದ ಎಲ್ಲೆಗೆ ‘ಶುಮಾಲ್’. ಮೂಡಣಕ್ಕೆ ಮುಖಮಾಡಿ ನಿಂತ ಯಾವನೋ ಅರಬನ ಎಡಗೈ ಸುರಪುರದ ರೈತನ ಬದುವನ್ನು ತೋರಿಸುತ್ತಿತ್ತು. ಕನ್ನಡದ ಬಡಗಿಗೆ ಮಾತ್ರ ಎಡದ ನಂಟು ಕಾಣದು. ದ್ರಾವಿಡ ಭಾಷೆಗಳ ‘ಎಡ’, ‘ಇಡ’ಗಳು ಬೇರೆ ಧಾತುವಿನವು, ‘ವಡ’ಕ್ಕೆ ಅವುಗಳಿಂದ ದಾರಿಯಿಲ್ಲ.

ಉಳಿದದ್ದು ಗಾಳಿ. ಗ್ರೀಕರ ಬೋರಿಯಸ್ ಬಡಗಣ ಗಾಳಿಯ ದೇವತೆ. ಅವನಿಂದಲೇ ಬಡಗಣದ ಕಾಡುಗಳಿಗೆ ವಿಜ್ಞಾನಿಗಳು ‘ಬೋರಿಯಲ್’ ಎನ್ನುತ್ತಾರೆ. ತಮಿಳಿನಲ್ಲೂ ಬಡಗಣದಿಂದ ಬೀಸುವ ಚಳಿಗಾಳಿಗೆ ‘ವಾಡೈ’ ಎಂಬ ಹೆಸರಿದೆ. ಬಾಡು, ಒಣಗು ಎಂಬರ್ಥದ ‘ವಾಡು’ ಧಾತುವೂ ಇದೆ. ಹಾಗಾದರೆ ಬೆಳೆ ಬಾಡಿಸುವ ಗಾಳಿ ಮೊದಲು, ಆ ಗಾಳಿ ಬರುವ ದಿಕ್ಕು ಆಮೇಲೆ ಎಂದು ಹೇಳಬಾರದೇಕೆ? ಈ ಊಹೆ ಚೆಂದವಾಗಿದೆ, ಆದರೆ ಅದರ ಜೋಡಿಯನ್ನು ನೋಡಿದಾಗ ನಿಲ್ಲುವುದಿಲ್ಲ. ತಮಿಳಿನಲ್ಲಿ ತೆಂಕಣ ಗಾಳಿಗೆ ‘ತೆನ್ರಲ್’ ಎನ್ನುತ್ತಾರೆ. ಅದು ‘ತೆನ್’, ಅಂದರೆ ದಕ್ಷಿಣ, ಎಂಬ ದಿಕ್ಕಿನ ಪದದಿಂದ ಆದದ್ದು ಸ್ಪಷ್ಟ. ಒಂದು ಗಾಳಿ ದಿಕ್ಕಿನಿಂದ ಹೆಸರು ಪಡೆದಿರುವಾಗ ಎದುರಿನ ಗಾಳಿ ಮಾತ್ರ ದಿಕ್ಕಿಗೇ ಹೆಸರು ಕೊಟ್ಟಿತೆನ್ನಲು ಹೆಚ್ಚಿನ ಸಾಕ್ಷಿ ಬೇಕು. ತೆಂಗಿನ ಮರವೂ ತೆಂಕಣದಿಂದ ಬಂದ ಮರವಾಗಿ ಹೆಸರು ಪಡೆಯಿತೆಂದು ಭಾಷಾವಿದರು ಹೇಳುವುದುಂಟು. ಈ ಜೋಡಿ ದಿಕ್ಕುಗಳಲ್ಲಿ ದಿಕ್ಕೇ ಹಿರಿಯದು, ವಸ್ತು ಕಿರಿಯದು. ‘ವಡ’ವನ್ನು ಇನ್ನೂ ಹಿಂದಕ್ಕೆ ಒಡೆದು ನೋಡಲಾಗುವುದಿಲ್ಲ, ಅದು ಹುಟ್ಟಿನಿಂದಲೇ ದಿಕ್ಕಿನ ಪದವಾಗಿ ನಮಗೆ ಸಿಗುತ್ತದೆ.

ಬೇರಿನಲ್ಲಿ ನೆಲದ ಗುರುತು ಇಲ್ಲದೆ ಹೋದರೂ ಬಳಕೆಯಲ್ಲಿ ಅದು ದಂಡಿಯಾಗಿದೆ. ತೊಲ್ಕಾಪ್ಪಿಯಂನ ಮುನ್ನುಡಿ ತಮಿಳು ನಾಡಿಗೆ ಬಡಗಣ ಎಲ್ಲೆಯಾಗಿ ವೇಂಗಡವನ್ನು, ಅಂದರೆ ತಿರುಪತಿಯ ಬೆಟ್ಟವನ್ನು, ಹೇಳುತ್ತದೆ. ಅಲ್ಲಿಂದ ಆಚೆಯವರು ತಮಿಳರಿಗೆ ‘ವಡುಗರು’. ಈ ಹೆಸರು ಬರಬರುತ್ತ ತೆಲುಗರಿಗೆ ಅಂಟಿಕೊಂಡಿತು. ತೆಲುಗರು ತಮ್ಮನ್ನು ತಾವು ಬಡಗರೆಂದು ಎಣಿಸಿಕೊಂಡವರೇನಲ್ಲ. ತಮಿಳರು ತೆಂಕಣದಲ್ಲಿದ್ದರು, ಅಷ್ಟೆ. ಶ್ರೀವೈಷ್ಣವರ ವಡಗಲೈ, ತೆಂಗಲೈ ಪಂಗಡಗಳೂ ಹೀಗೆಯೇ. ಕಂಚಿಯ ಪರಂಪರೆ ವಡಗಲೈ, ಶ್ರೀರಂಗದ್ದು ತೆಂಗಲೈ. ಕಂಚಿಯನ್ನು ಬಡಗಣ ಎನ್ನಲು ಶ್ರೀರಂಗದ ಕಡೆ ನಿಂತಿರಬೇಕು. ಬೆಂಗಳೂರಿನಿಂದ ನೋಡಿದರೆ ಕಂಚಿ ಕೊಂಚ ತೆಂಕಣಕ್ಕೇ ಇದೆ.

ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷಿ ನೀಲಗಿರಿಯ ಬಡಗರದು. ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಈ ಸಮುದಾಯದ ಹೆಸರಿನ ಅರ್ಥ ಬಡಗಣದವರು ಎಂದು. ಅವರ ಬಡಗಣ ಮೈಸೂರು ಸೀಮೆ. ಜೆಸ್ಯೂಟ್ ಪಾದ್ರಿ ಫೆನಿಚಿಯೋ 1603ರಲ್ಲಿ ಬೆಟ್ಟ ಹತ್ತಿದಾಗಲೇ ಅವರು ಅಲ್ಲಿದ್ದರು. ಅವರ ಚರಿತ್ರೆ ಬರೆದ ಮಾನವಶಾಸ್ತ್ರಜ್ಞ ಪಾಲ್ ಹಾಕಿಂಗ್ಸ್, 1565ರಲ್ಲಿ ವಿಜಯನಗರ ಬಿದ್ದ ನಂತರದ ಗೊಂದಲದ ಕಾಲದಲ್ಲಿ ಬಂದವರೆಂದು ವಾದಿಸಿದರು. ತಾವು ಅದಕ್ಕಿಂತ ಎಷ್ಟೋ ಹಿಂದಿನಿಂದ ಆ ಬೆಟ್ಟದವರೇ ಎಂದು ಬಡಗರಲ್ಲಿ ಹಲವರು ಹೇಳುತ್ತಾರೆ. ಹೆಸರೊಂದರಿಂದಲೇ ವಲಸೆಯ ಕಾಲ ತೀರ್ಮಾನವಾಗದು. ಆದರೆ ಅದರ ಮೊದಲ ಅಕ್ಷರ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಕೆಳಗಿನ ತಮಿಳರು ಇಟ್ಟ ಹೆಸರಾಗಿದ್ದರೆ ಅದು ವಕಾರದಿಂದ ಶುರುವಾಗಬೇಕಿತ್ತು. ಬಕಾರವಿದೆ, ಅಂದರೆ ಹೆಸರು ಕನ್ನಡದ ಬಾಯಲ್ಲೇ ರೂಪುಗೊಂಡಿದೆ. ಇದು ನನ್ನ ವಾದಕ್ಕೆ ಎದುರಾಗುವಂತೆ ತೋರುತ್ತದೆ. ಬಡಗಣದವನು ತನ್ನನ್ನು ತಾನೇ ಬಡಗಣದವನೆಂದು ಕರೆದುಕೊಂಡಂತಾಯಿತಲ್ಲ! ಬಿಡಿಸಿ ನೋಡಿದರೆ ಹಾಗಲ್ಲ. ಮೈಸೂರು ಸೀಮೆಯಲ್ಲಿದ್ದಾಗ ಅವರಿಗೆ ಈ ಹೆಸರಿನಿಂದ ಉಪಯೋಗವೇ ಇರಲಿಲ್ಲ. ತೋದರು, ಕೋತರು ಇರುವ ಬೆಟ್ಟದಲ್ಲಿ ನಿಂತಮೇಲೆ ತಾವು ಯಾವ ಕಡೆಯವರು ಎಂದು ಹೇಳಬೇಕಾಯಿತು. ನೆಲೆ ಬದಲಾಯಿತು, ಹೊಸ ನೆಲೆಯ ಲೆಕ್ಕದಲ್ಲಿ ಹೆಸರು ಹುಟ್ಟಿತು. ಹೇಳಿದ ಬಾಯಿ ಮಾತ್ರ ಹಳೆಯದೇ.

ಕರಾವಳಿಯ ಯಕ್ಷಗಾನದಲ್ಲಿ ಇದರ ಮುಂದಿನ ಹೆಜ್ಜೆ ಸಿಗುತ್ತದೆ. ಉಡುಪಿಯಿಂದ ಬಡಗಿಗೆ ಬೆಳೆದ ಶೈಲಿ ಬಡಗುತಿಟ್ಟು, ತೆಂಕಿಗೆ ಬೆಳೆದದ್ದು ತೆಂಕುತಿಟ್ಟು. ಇನ್ನೂ ಮೇಲಕ್ಕೆ, ಉತ್ತರ ಕನ್ನಡದಲ್ಲಿ, ಬೇರೊಂದು ಬಗೆ ಇದೆಯೆಂಬುದು ಎಣಿಕೆಗೆ ಬಂದಾಗ ಅದಕ್ಕೆ ‘ಬಡಾಬಡಗು’ ಎಂದರು. ಮೂಲಬಿಂದು ಕದಲದೆ ಇರುವುದರಿಂದ ಬಡಗಿನ ಆಚೆಗೆ ಇನ್ನೊಂದು ಬಡಗನ್ನು ಜೋಡಿಸಬೇಕಾಯಿತು. ಉತ್ತರ ಕನ್ನಡ ಜಿಲ್ಲೆಯ ಹೆಸರಂತೂ ಮೂಲಬಿಂದು ಅಳಿಸಿಹೋದ ಮೇಲೂ ಉಳಿದ ಅಳತೆ. ಮದರಾಸು ಪ್ರಾಂತ್ಯದ ಕೆನರಾ ಜಿಲ್ಲೆಯನ್ನು ಎರಡಾಗಿಸಿ ಬಡಗಣ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು. ಆ ಒಡೆದ ಜಿಲ್ಲೆಯೊಳಗೆ ಅದು ಉತ್ತರವೇ. ಇಂದಿನ ರಾಜ್ಯದಲ್ಲಿ ಕಾರವಾರ 14.8 ಡಿಗ್ರಿಯಲ್ಲಿದೆ, ಯಾದಗಿರಿಗಿಂತ ಎರಡು ಡಿಗ್ರಿ, ಅಂದರೆ ಸುಮಾರು 220 ಕಿಲೋಮೀಟರ್ ತೆಂಕಣಕ್ಕೆ. ಉತ್ತರ ಕನ್ನಡದ ತುತ್ತತುದಿಯೂ ಯಾದಗಿರಿ ಜಿಲ್ಲೆಯ ತೆಂಕಣ ಅಂಚನ್ನು ಮುಟ್ಟುವುದಿಲ್ಲ.

ಯಾದಗಿರಿಯೇ ‘ಉತ್ತರ’ವಾದದ್ದು ಯಾವಾಗ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸುತ್ತದೆ. ಶ್ರೀರಂಗಪಟ್ಟಣದ ಬಳಿ ಕಾವೇರಿ 12.4 ಡಿಗ್ರಿಯಲ್ಲಿ, ನಾಂದೇಡದ ಬಳಿ ಗೋದಾವರಿ 19.1 ಡಿಗ್ರಿಯಲ್ಲಿ ಹರಿಯುತ್ತವೆ. ಈ ಎರಡರ ನಡುಬಿಂದು 15.8ರ ಸುತ್ತ ಬರುತ್ತದೆ. ಯಾದಗಿರಿ ಅಲ್ಲಿಂದ ಒಂದೇ ಡಿಗ್ರಿ ಆಚೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಯಾದಗಿರಿಗಿಂತ ಸ್ವಲ್ಪ ಬಡಗಣಕ್ಕಿದೆ. ಅರಮನೆಯ ಕವಿಗೆ ಸಗರನಾಡು ಉತ್ತರವಾಗಿ ಕಂಡಿರಲು ಸಾಧ್ಯವೇ ಇಲ್ಲ. ಅದೇ ಕೃತಿ ಕಾವ್ಯದ ಎರಡು ರೀತಿಗಳನ್ನು ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಕರೆಯುವುದು ಗಮನಿಸಬೇಕಾದ ಸಂಗತಿ. ಸಂಸ್ಕೃತದ ದಂಡಿ ಅವನ್ನು ವೈದರ್ಭ, ಗೌಡ ಎಂದು ನಾಡಿನ ಹೆಸರಿನಿಂದ ಕರೆದಿದ್ದ. ಆ ಹೆಸರುಗಳನ್ನು ದಿಕ್ಕಿಗೆ ಬದಲಾಯಿಸಿದವನು ತನ್ನ ನೆಲೆ ಎಲ್ಲಿದೆಯೆಂದು ಬಲ್ಲವನು. ಯಾದಗಿರಿ ‘ಉತ್ತರ’ದ ಪಾಲಿಗೆ ಬಂದದ್ದು 1956ರಲ್ಲಿ, 13 ಡಿಗ್ರಿಯ ಬೆಂಗಳೂರು ಅದರ ರಾಜಧಾನಿಯಾದ ಮೇಲೆ. ಅಲ್ಲಿಯವರೆಗೆ ಹೈದರಾಬಾದಿನಿಂದ ಅದು ಪಡುವಣ-ತೆಂಕಣದ ಮೂಲೆ.

ದಿಕ್ಕೆಂಬುದು ಹೀಗೆ ನೋಡುವವನ ಕಣ್ಣಿನದಾದರೆ ಭೂಗೋಳಕ್ಕೆ ಅರ್ಥವೇನು ಎಂದು ವಿಜ್ಞಾನದ ಓದುಗರು ಕೇಳುವುದು ನ್ಯಾಯವೇ. ದಿಕ್ಕು ಬೇರೆ, ದಿಕ್ಕಿನ ನಾಡು ಬೇರೆ. ದಿಕ್ಕು ಭೂಮಿಯ ಅಕ್ಷಕ್ಕೆ ಕಟ್ಟುಬಿದ್ದದ್ದು. ಯಾರು ಎಲ್ಲಿ ನಿಂತು ಅಳೆದರೂ ಒಂದೇ ರೀತಿ ಸಿಗುತ್ತದೆ. ನಕ್ಷತ್ರವೂ ಬೇಡ. ನೆಲದಲ್ಲಿ ಒಂದು ಶಂಕು ನೆಟ್ಟು ಸುತ್ತ ವೃತ್ತ ಎಳೆದು, ಮುಂಜಾನೆ ನೆರಳಿನ ತುದಿ ವೃತ್ತದೊಳಗೆ ಬರುವ ಜಾಗ, ಮಧ್ಯಾಹ್ನದ ಮೇಲೆ ಹೊರಹೋಗುವ ಜಾಗ ಗುರುತು ಮಾಡಿ ಸೇರಿಸಿದರೆ ಮೂಡಣ-ಪಡುವಣ ರೇಖೆ ಬರುತ್ತದೆ. ಅದನ್ನು ಲಂಬವಾಗಿ ಕತ್ತರಿಸಿದರೆ ಬಡಗಣ. ಕಾತ್ಯಾಯನ ಶುಲ್ಬಸೂತ್ರದಲ್ಲೇ ಈ ವಿಧಾನವಿದೆ, ನೆರಳು ಯಾವ ಕಡೆ ಬಿದ್ದರೂ ಕೆಲಸ ಮಾಡುತ್ತದೆ. ವಿಭೂತಿಹಳ್ಳಿಯ ಸಾಲುಗಳಲ್ಲಿ ವಿಷುವ ಮತ್ತು ಅಯನ ದಿನಗಳ ಸೂರ್ಯೋದಯ, ಸೂರ್ಯಾಸ್ತದ ದಿಕ್ಕುಗಳಿವೆ ಎಂಬುದು ಕಾಮೇಶ್ವರ ರಾವ್ ಮತ್ತು ಸಂಗಡಿಗರ ವಾದ. ಇಲ್ಲಿ ಸೂರ್ಯ ಹುಟ್ಟುವ ಜಾಗ ನಿಜವಾದ ಮೂಡಣದಿಂದ ಎರಡೂ ಕಡೆ ಸುಮಾರು ಇಪ್ಪತ್ತನಾಲ್ಕೂವರೆ ಡಿಗ್ರಿ ಸರಿಯುತ್ತದೆ. ಅದನ್ನು ಹಿಡಿದಿಡಬೇಕಾದರೆ ವರ್ಷಗಟ್ಟಲೆ ಗಮನ ಬೇಕು. ನೂರಾರು ಕಲ್ಲುಗಳ ಸಾಲಿನಲ್ಲಿ ಯಾವ ಎರಡನ್ನು ಸೇರಿಸಿದರೂ ಒಂದು ರೇಖೆ ಬರುವುದರಿಂದ, ಕೆಲವು ರೇಖೆಗಳು ತಾನಾಗಿಯೇ ಸೂರ್ಯನನ್ನು ತೋರಿಸಿಬಿಡಬಹುದು ಎಂಬ ಎಚ್ಚರವೂ ಇರಬೇಕು. ಆದರೂ ಸಾಲುಗಳ ಪ್ರಧಾನ ನಡೆಯೇ ದಿಕ್ಕಿಗೆ ಹೊಂದಿದ್ದರೆ ಆಕಸ್ಮಿಕದ ಪಾಲು ಕುಗ್ಗುತ್ತದೆ. ಆ ಜನ ಬಡಗಣ ದಿಕ್ಕನ್ನು ಕಂಡುಕೊಂಡಿದ್ದರೆಂದರೆ ಅದು ನಂಬಲಾಗದ ಮಾತಲ್ಲ. ತಾವೇ ಬಡಗಣದವರು ಎಂದು ತಿಳಿದಿದ್ದರೆಂದರೆ ಅದಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ತಮ್ಮ ನಾಡಿಗೆ ತಾವೇ ಉತ್ತರವೆಂದು ಹೆಸರಿಟ್ಟವರು ಇದ್ದಾರಲ್ಲ? ನಾರ್ವೆ ಎಂದರೆ ಬಡಗಣ ದಾರಿ. ಉತ್ತರ ಪ್ರದೇಶ 1950ರಲ್ಲಿ ತಾನೇ ಆ ಹೆಸರು ತಾಳಿತು. ನಾರ್ವೆಯ ಹೆಸರು ತೆಂಕಣದಿಂದ ಕಡಲಂಚಿನಲ್ಲಿ ಹಡಗು ನಡೆಸಿದವರ ದಾರಿಯ ಹೆಸರು ಎಂಬುದು ರೂಢಿಯ ವಿವರಣೆ. ಉತ್ತರ ಪ್ರದೇಶಕ್ಕೆ ಯುನೈಟೆಡ್ ಪ್ರಾವಿನ್ಸಸ್ ಕಾಲದ ‘ಯು.ಪಿ.’ ಎಂಬ ಮೊದಲಕ್ಷರಗಳು ಉಳಿದುಕೊಂಡವು. ಅದೂ ಒಂದು ಒಕ್ಕೂಟದೊಳಗಿನ ಜಾಗವನ್ನು ಸೂಚಿಸುವ ಹೆಸರು. 2000ದಲ್ಲಿ ಅದರ ಬೆಟ್ಟದ ಭಾಗ ಬೇರೆಯಾದಾಗ ಉತ್ತರ ಪ್ರದೇಶದ ಮೇಲೆ ಉತ್ತರಾಂಚಲ ಬಂತು, ಮುಂದೆ ಉತ್ತರಾಖಂಡವಾಯಿತು, ಬಡಾಬಡಗಿನದೇ ಕತೆ. ಜನ ತಮ್ಮೊಳಗೆ ಬಳಸುವ ಹೆಸರು ಇದಕ್ಕಿಂತ ಬೇರೆ ಬಗೆಯದು. ಶಹಾಪುರ, ಸುರಪುರದವರಿಗೆ ತಮ್ಮ ಸೀಮೆ ಸಗರನಾಡು. ಆ ಹೆಸರಿನಲ್ಲಿ ದಿಕ್ಕಿಲ್ಲ. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ವನ್ನು ‘ಕಲ್ಯಾಣ ಕರ್ನಾಟಕ’ ಎಂದು ಬದಲಿಸಿದಾಗಲೂ ದಿಕ್ಕಿನ ಪದ ಹುಡುಕಲಿಲ್ಲ, ತಮ್ಮೊಳಗಿನ ಬಸವಕಲ್ಯಾಣವನ್ನು ಹಿಡಿದರು.

ಈ ಚರ್ಚೆಯಿಂದ ಇಂದಿನ ವಿಜ್ಞಾನಕ್ಕೂ ಒಂದು ಪ್ರಯೋಜನವಿದೆ. ಹವಾಮಾನ ಇಲಾಖೆ ರಾಜ್ಯವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಮಾಡಿಕೊಂಡಿದೆ. ಯಾದಗಿರಿಯೂ ಬೆಳಗಾವಿಯೂ ಉತ್ತರ ಒಳನಾಡಿಗೇ ಸೇರಿವೆ. ಮುಂಗಾರಿನ ಮೋಡ ಅರಬ್ಬಿ ಸಮುದ್ರದಿಂದ ಬಂದು ಘಟ್ಟಕ್ಕೆ ತಾಕಿ ಅಲ್ಲಿ ಸುರಿದುಬಿಡುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ಘಟ್ಟದ ಸೆರಗಿನಲ್ಲಿ ದಟ್ಟ ಕಾಡು ಬೆಳೆಸಿಕೊಂಡಿದೆ. ಯಾದಗಿರಿ ಮಳೆನೆರಳಿನಲ್ಲಿ ತೊಗರಿ, ಜೋಳವನ್ನು ನಂಬಿದೆ. ಎರಡಕ್ಕೂ ‘ಉತ್ತರ’ ಎಂಬ ಒಂದೇ ಹೆಸರಿನಡಿ ಸರಾಸರಿ ತೆಗೆದರೆ ಯಾವ ಊರಿನ ರೈತನಿಗೂ ಅದು ತನ್ನ ಮಳೆಯಲ್ಲ. ಇಲ್ಲಿ ಮಳೆ ಕಡಿಮೆಯಾಗುತ್ತ ಹೋಗುವುದು ಪಡುವಣದಿಂದ ಮೂಡಣಕ್ಕೆ. ಹೊಳೆಗಳೂ ಹಾಗೇ. ನಾರಾಯಣಪುರದ ಬಸವಸಾಗರವನ್ನು ತುಂಬುವ ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ, ಯಾದಗಿರಿಯ ಪಕ್ಕದಲ್ಲಿ ಹರಿಯುವ ಭೀಮೆ ಭೀಮಾಶಂಕರದಲ್ಲಿ. ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಭೀಮೆಯ ದಂಡೆಯ ಹಳ್ಳಿಗಳಿಗೆ ಎಚ್ಚರಿಕೆ ಹೋಗುತ್ತದೆ. ಯಾದಗಿರಿಯ ಬರವನ್ನೋ ನೆರೆಯನ್ನೋ ಲೆಕ್ಕಹಾಕುವವರು ಬೆಂಗಳೂರಿನಿಂದ ಎಷ್ಟು ಬಡಗಣಕ್ಕೆ ಎಂದು ಅಳೆಯುವ ಬದಲು ಘಟ್ಟದಿಂದ ಎಷ್ಟು ಮೂಡಣಕ್ಕೆ ಎಂದು ಅಳೆದು ಜಿಲ್ಲೆಗಳನ್ನು ಗುಂಪು ಮಾಡಬೇಕು.